ಮುಂಜಾವಿನ ಆ ನಾದ ಮತ್ತು ಯಹೂದಿ ಸಂಗೀತದ ಪ್ರಶ್ನೆ

ಉಗಾರ ಬುದ್ರುಕ: ಕೃಷ್ಣಾ ತೀರದ ಈ ಊರಿನಲ್ಲಿ ರೇಡಿಯೋ ಮನೆಮನೆಯ ಗಡಿಯಾರವಾಗಿದ್ದ ಕಾಲವೊಂದಿತ್ತು. ಮುಳ್ಳನ್ನು ಒಂದು ಕಡೆಗೆ ತಿರುಗಿಸಿದರೆ ಧಾರವಾಡ, ತುಸು ಆಚೆಗೆ ಸರಿಸಿದರೆ ಸಾಂಗಲಿ. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಮರಾಠಿ. ಆದರೆ ನಸುಕಿನಲ್ಲಿ ಪ್ರಸಾರ ಆರಂಭವಾಗುವ ಮುನ್ನ ಎರಡರಲ್ಲಿಯೂ ಕೇಳಿಬರುತ್ತಿದ್ದುದು ಒಂದೇ ನಾದ: ತಂಬೂರಿಯ ಶ್ರುತಿ, ಅದರ ಮೇಲೆ ಪಿಟೀಲಿನ ಕೆಲವೇ ಸ್ವರಗಳು. ಕಬ್ಬಿನ ಗದ್ದೆಗೆ ನೀರು ಹಾಯಿಸಲು ಹೊರಟವರಿಗೂ, ಸಕ್ಕರೆ ಕಾರ್ಖಾನೆಯ ಮೊದಲ ಪಾಳಿಗೆ ಹೋಗುವವರಿಗೂ ಅದು ಬೆಳಗಾಯಿತೆಂಬ ಸೂಚನೆಯಾಗಿತ್ತು. ಅದನ್ನು ರಚಿಸಿದವರು ಯಾರೆಂದು ಯಾರೂ ಕೇಳಲಿಲ್ಲ. ಅದೊಂದು ರಚನೆ, ಅದಕ್ಕೊಬ್ಬ ರಚನಕಾರನಿದ್ದಾನೆ ಎಂಬ ಭಾವನೆಯೇ ಇರಲಿಲ್ಲವೆನ್ನಬೇಕು.

ಆಕಾಶವಾಣಿಯ ಆ ಸಂಕೇತನಾದದ ಕರ್ತೃವೆಂದು ಸಾಮಾನ್ಯವಾಗಿ ಹೆಸರಿಸಲ್ಪಡುವವರು ವಾಲ್ಟರ್ ಕೌಫ್ಮನ್. ಇಂದಿನ ಝೆಕ್ ಗಣರಾಜ್ಯದಲ್ಲಿರುವ ಕಾರ್ಲ್ಸ್‌ಬಾದ್‌ನಲ್ಲಿ 1907ರಲ್ಲಿ ಜನಿಸಿದ ಯಹೂದಿ. ಹಿಟ್ಲರನ ನೆರಳು ಯುರೋಪಿನ ಮೇಲೆ ಕವಿಯುತ್ತಿದ್ದ 1934ರಲ್ಲಿ ಮುಂಬೈಗೆ ಬಂದಿಳಿದು, ಹನ್ನೆರಡು ವರ್ಷ ಅಲ್ಲಿಯೇ ನೆಲೆಸಿದವರು. ಶಿವರಂಜಿನಿಯ ಛಾಯೆಯುಳ್ಳ ಆ ಸ್ವರಗಳಿಗೆ ಪಿಟೀಲು ನುಡಿಸಿದವರು ಮುಂಬೈಯ ಪಾರ್ಸಿ ವಾದಕ ಮೆಹ್ಲಿ ಮೆಹ್ತಾ ಎಂಬ ನಂಬಿಕೆಯೂ ಇದೆ. ಅವರ ಮಗನೇ ವಿಶ್ವವಿಖ್ಯಾತ ವಾದ್ಯವೃಂದ ನಿರ್ದೇಶಕ ಜುಬಿನ್ ಮೆಹ್ತಾ.

ಯಹೂದಿ ಸಂಗೀತವೂ ಅದನ್ನು ನುಡಿಸುವವರೂ ಇಂದು ಜಗತ್ತಿನ ದೊಡ್ಡ ಸಭಾಂಗಣಗಳಲ್ಲಿ ಒಂದೇ ಹೊತ್ತಿಗೆ ಸಂಭ್ರಮಕ್ಕೂ ವಿವಾದಕ್ಕೂ ವಸ್ತುವಾಗಿರುವುದರಿಂದ ಈ ಹಳೆಯ ಸಂಗತಿಯನ್ನು ನೆನೆಯಬೇಕಾಗಿದೆ. ಒಂದೆಡೆ, ನಾಜಿಗಳ ದೆಸೆಯಿಂದ ದೇಶಾಂತರ ಹೋದ ರಚನಕಾರರ ಕೃತಿಗಳನ್ನು ಕಡತಗಳಿಂದ ಹೊರತೆಗೆದು ನುಡಿಸುವ ಕಾರ್ಯ ಭರದಿಂದ ನಡೆದಿದೆ. ಕೆನಡಾದ ಟೊರಾಂಟೊ ನಗರದ ಎ.ಆರ್.ಸಿ. ಆನ್ಸಾಂಬಲ್ ಎಂಬ ತಂಡವು ಕೌಫ್ಮನ್‌ರ ಕೃತಿಗಳ ಧ್ವನಿಮುದ್ರಿಕೆಯನ್ನು 2020ರಲ್ಲಿ ಹೊರತಂದುದು ಇದೇ ಸಾಲಿನದು. ಇನ್ನೊಂದೆಡೆ, ಬೆಲ್ಜಿಯಂನ ಘೆಂಟ್ ನಗರದ ಸಂಗೀತೋತ್ಸವವು 2025ರ ಸೆಪ್ಟೆಂಬರ್ 18ರಂದು ನಡೆಯಬೇಕಿದ್ದ ಮ್ಯೂನಿಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಛೇರಿಯನ್ನು ರದ್ದುಪಡಿಸಿತು. ಕಾರಣ, ಅದನ್ನು ನಿರ್ದೇಶಿಸಬೇಕಿದ್ದವರು ಇಸ್ರೇಲಿನ ಲಹಾವ್ ಶಾನಿ. ಗಾಜಾ ಯುದ್ಧದ ಕುರಿತು ಇಸ್ರೇಲ್ ಸರಕಾರದ ಬಗ್ಗೆ ಅವರ ನಿಲುವು ಸ್ಪಷ್ಟವಾಗಿಲ್ಲ ಎಂಬುದು ಸಂಘಟಕರ ಸಮಜಾಯಿಷಿಯಾಗಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಪ್ಯಾರಿಸ್‌ನಲ್ಲಿ ಇಸ್ರೇಲ್ ಫಿಲ್‌ಹಾರ್ಮೋನಿಕ್‌ನ ಕಛೇರಿ ನಡೆಯುತ್ತಿದ್ದಾಗ ಪ್ರತಿಭಟನಕಾರರು ಸಭಾಂಗಣದೊಳಗೆ ಪಂಜು ಹೊತ್ತಿಸಿದರು. ಕಛೇರಿ ನಿಂತುನಿಂತು ಮುಂದುವರಿಯಿತು.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಶಾನಿ ಇಸ್ರೇಲ್ ಫಿಲ್‌ಹಾರ್ಮೋನಿಕ್‌ನ ಸಂಗೀತ ನಿರ್ದೇಶಕರೂ ಹೌದು. ಆ ವಾದ್ಯವೃಂದ ತನ್ನ ದೇಶದ ಹೆಸರನ್ನು ಹೊತ್ತು, ದೇಶದ ಪ್ರತಿನಿಧಿಯಂತೆ ಹೊರನಾಡುಗಳಿಗೆ ಹೋಗುತ್ತದೆ. ಅದರ ಎದುರು ಪ್ರತಿಭಟಿಸುವವರಿಗೆ ತಮ್ಮದೇ ಆದ ತರ್ಕವಿದೆ. ಗಾಜಾದಲ್ಲಿ ಹತ್ತಾರು ಸಾವಿರ ಜನ ಸತ್ತಿರುವಾಗ ಸಂಗೀತವನ್ನು ಮಾತ್ರ ಗಾಜಿನ ಪೆಟ್ಟಿಗೆಯಲ್ಲಿಟ್ಟು ಕಾಪಾಡಿರೆಂದು ಅವರಿಗೆ ಹೇಳುವುದು ಸುಲಭವಲ್ಲ. ಆದರೆ ಘೆಂಟ್‌ಗೆ ಬರಬೇಕಿದ್ದುದು ಜರ್ಮನಿಯ ನಗರವೊಂದರ ವಾದ್ಯವೃಂದ. ಅಲ್ಲಿ ತಡೆಯೊಡ್ಡಿದ್ದು ಒಬ್ಬ ವ್ಯಕ್ತಿಗೆ, ಅದೂ ಆತ ಹೇಳಿದ ಮಾತಿಗಲ್ಲ, ಹೇಳದೆ ಉಳಿದ ಮಾತಿಗೆ. ಜರ್ಮನಿಯ ಸಂಸ್ಕೃತಿ ಸಚಿವರು ಇದನ್ನು ಯಹೂದಿ ದ್ವೇಷವೆಂದೇ ಕರೆದರು. ಆ ಮಾತು ಅತಿರೇಕದ್ದಿರಬಹುದು. ಆದರೂ ವಾದಕನ ಕೈಯಲ್ಲಿ ಮೊದಲು ನಿಷ್ಠೆಯ ಪತ್ರ ಬರೆಸಿಕೊಂಡು, ಆಮೇಲೆ ವಾದ್ಯ ಕೊಡುವ ಪದ್ಧತಿಯ ಇತಿಹಾಸ ಬಲ್ಲವರಿಗೆ ಅಂಜಿಕೆಯಾಗುವುದು ಸಹಜ.

ಆ ಇತಿಹಾಸದಲ್ಲಿಯೇ ಇಸ್ರೇಲ್ ಫಿಲ್‌ಹಾರ್ಮೋನಿಕ್ ಹುಟ್ಟಿತು. ಜರ್ಮನಿ ಮತ್ತು ಮಧ್ಯ ಯುರೋಪಿನ ವಾದ್ಯವೃಂದಗಳಿಂದ ಯಹೂದಿಗಳೆಂಬ ಏಕೈಕ ಕಾರಣಕ್ಕೆ ಹೊರದೂಡಲ್ಪಟ್ಟ ವಾದಕರನ್ನು ಪೋಲೆಂಡಿನ ಪಿಟೀಲುವಾದಕ ಬ್ರೋನಿಸ್ಲಾವ್ ಹ್ಯೂಬರ್‌ಮನ್ ಒಂದುಗೂಡಿಸಿದರು. ಪ್ಯಾಲೆಸ್ಟೈನ್ ಆರ್ಕೆಸ್ಟ್ರಾ ಎಂಬ ಹೆಸರಿನಲ್ಲಿ 1936ರ ಡಿಸೆಂಬರ್ 26ರಂದು ಟೆಲ್ ಅವೀವ್‌ನಲ್ಲಿ ನಡೆದ ಅದರ ಮೊದಲ ಕಛೇರಿಯನ್ನು ನಿರ್ದೇಶಿಸಿದವರು ಇಟಲಿಯ ಆರ್ತುರೊ ಟೊಸ್ಕನಿನಿ. ಯಹೂದಿಯಲ್ಲ, ಫ್ಯಾಸಿಸಂನ ಕಡುವಿರೋಧಿ. ಅದೇ 1936ರ ಏಪ್ರಿಲ್‌ನಲ್ಲಿ ಮುಂಬೈಯಲ್ಲಿ ಜುಬಿನ್ ಮೆಹ್ತಾ ಹುಟ್ಟಿದರು. ಅದೇ ವರ್ಷದ ಜೂನ್‌ನಲ್ಲಿ ನಮ್ಮ ಪ್ರಸಾರ ಸಂಸ್ಥೆಗೆ 'ಆಲ್ ಇಂಡಿಯಾ ರೇಡಿಯೋ' ಎಂಬ ನಾಮಕರಣವಾಯಿತು. ಸಂಕೇತನಾದ ರೂಪುಗೊಂಡದ್ದೂ ಅದೇ ಸುಮಾರಿಗೆ ಎನ್ನುತ್ತಾರೆ. ಮುಂದೆ ಮೆಹ್ತಾ ಆ ವಾದ್ಯವೃಂದವನ್ನು ದಶಕಗಳ ಕಾಲ ಮುನ್ನಡೆಸಿ 2019ರಲ್ಲಿ ಹೊಣೆಯಿಂದ ಬಿಡುಗಡೆ ಪಡೆದರು. ಅವರ ಸ್ಥಾನಕ್ಕೆ ಬಂದವರೇ ಈಗ ವಿವಾದಕ್ಕೊಳಗಾದ ಶಾನಿ.

ತಮಾಷೆಯೆಂದರೆ, ಯಾವ ಸ್ವರ ನುಡಿಸಬಾರದು ಎಂಬ ಜಗಳ ಆ ವಾದ್ಯವೃಂದಕ್ಕೂ ಹೊಸದಲ್ಲ. ಹಿಟ್ಲರನ ಆರಾಧ್ಯ ರಚನಕಾರ ವಾಗ್ನರನ ಸಂಗೀತವನ್ನು ಅದು 1938ರಲ್ಲಿ ಕೈಬಿಟ್ಟಿತು. 1981ರಲ್ಲಿ ಮೆಹ್ತಾ ಕಛೇರಿಯ ಕೊನೆಗೆ ವಾಗ್ನರನನ್ನು ನುಡಿಸಲು ಹೊರಟಾಗ, ಬೇಡವೆನ್ನುವವರು ಎದ್ದುಹೋಗಬಹುದೆಂದು ಮುಂಚಿತವಾಗಿಯೇ ತಿಳಿಸಿದ್ದರೂ ಸಭೆಯಲ್ಲಿ ಕೋಲಾಹಲವೆದ್ದಿತು. ನಾಜಿ ಶಿಬಿರದಿಂದ ಬದುಕಿ ಬಂದಿದ್ದ ಸಿಬ್ಬಂದಿಯೊಬ್ಬರು ತಮ್ಮ ಮೈಮೇಲಿನ ಗಾಯದ ಕಲೆಗಳನ್ನು ತೋರಿಸಿ ತಡೆಯಲು ಮುಂದಾದರು. ಅವರಿಗೆ ಏನೆಂದು ಉತ್ತರ ಹೇಳುವುದು? ಕಲೆಗೆ ಗಡಿಯಿಲ್ಲವೆಂಬ ಸಭಾಭಾಷಣದ ಮಾತು ಅಂಥ ಹೊತ್ತಿನಲ್ಲಿ ಬಹಳ ಹಗುರವಾಗುತ್ತದೆ.

ಕೌಫ್ಮನ್‌ರ ಬದುಕು ಈ ಗೊಂದಲದ ಮೇಲೆ ಬೇರೊಂದು ಬೆಳಕು ಚೆಲ್ಲುತ್ತದೆ. ಬರ್ಲಿನ್‌ನಲ್ಲಿ ಸಂಗೀತ ರಚನೆ ಕಲಿತು ಪ್ರಾಗ್‌ನಲ್ಲಿ ಸಂಶೋಧನೆ ಪೂರೈಸಿದ ಅವರು, ತಮ್ಮ ಮಾರ್ಗದರ್ಶಕ ಪ್ರಾಧ್ಯಾಪಕ ನಾಜಿ ಯುವಕರ ನಾಯಕನೆಂದು ತಿಳಿದಾಗ ಡಾಕ್ಟರೇಟ್ ಪದವಿಯನ್ನೇ ನಿರಾಕರಿಸಿದರೆಂಬುದು ದಾಖಲಾಗಿದೆ. (ಅವರು ಮದುವೆಯಾದುದು ಕಾದಂಬರಿಕಾರ ಫ್ರಾಂಜ್ ಕಾಫ್ಕಾ ಅವರ ಸೋದರ ಸೊಸೆಯನ್ನು ಎಂಬುದೂ ಸಾಹಿತ್ಯಾಸಕ್ತರಿಗೆ ತಿಳಿದಿರಲಿ.) ಭಾರತೀಯ ಸಂಗೀತದ ತಟ್ಟೆಗಳನ್ನು ಮೊದಲು ಕೇಳಿದಾಗ ಅವರಿಗೆ ಏನೂ ಅರ್ಥವಾಗಲಿಲ್ಲ. ಲಕ್ಷಾಂತರ ಜನ ಇದನ್ನು ಪ್ರೀತಿಸುತ್ತಿರುವಾಗ ಕೊರತೆ ಇರುವುದು ನನ್ನ ಕಿವಿಯಲ್ಲಿಯೇ ಎಂದು ಅವರು ತೀರ್ಮಾನಿಸಿಕೊಂಡರು. ಹುಟ್ಟಿದ ನೆಲದಲ್ಲಿಯೇ ಕಲಿಯೋಣವೆಂದು ಹೊರಟುಬಂದರು. ಮುಂಬೈಯಲ್ಲಿ ಚೇಂಬರ್ ಮ್ಯೂಸಿಕ್ ಸೊಸೈಟಿಯನ್ನು ಕಟ್ಟಿ ಮೆಹ್ಲಿ ಮೆಹ್ತಾ ಮೊದಲಾದವರೊಡನೆ ವಾರವಾರ ಕಛೇರಿ ನಡೆಸಿದರು, ಆಕಾಶವಾಣಿಯ ಮುಂಬೈ ಕೇಂದ್ರದಲ್ಲಿ ಪಾಶ್ಚಾತ್ಯ ಸಂಗೀತ ವಿಭಾಗವನ್ನು ನೋಡಿಕೊಂಡರು, 'ಅನಸೂಯಾ' ಎಂಬ ರೇಡಿಯೋ ಆಪೆರಾ ರಚಿಸಿದರು. 1946ರಲ್ಲಿ ಭಾರತ ಬಿಟ್ಟು ಇಂಗ್ಲೆಂಡ್, ಅಲ್ಲಿಂದ ಕೆನಡಾ, ಕೊನೆಗೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಸೇರಿದರು. ಉತ್ತರ ಭಾರತದ ರಾಗಗಳ ಕುರಿತು 1968ರಲ್ಲಿ, ದಕ್ಷಿಣದ ರಾಗಗಳ ಕುರಿತು 1976ರಲ್ಲಿ ಅವರ ಬೃಹದ್ಗ್ರಂಥಗಳು ಬಂದವು. ಅವರು ತೀರಿಕೊಂಡದ್ದು 1984ರಲ್ಲಿ.

ಇದರಲ್ಲಿ 'ಯಹೂದಿ ಸಂಗೀತ' ಎಲ್ಲಿದೆ? ಆ ಸಂಕೇತನಾದದಲ್ಲಿ ಸಿನಗಾಗ್‌ನ ಪ್ರಾರ್ಥನೆಯ ಧಾಟಿಯಿಲ್ಲ. ಇರುವುದು ತಂಬೂರಿ, ರಾಗ, ಪಿಟೀಲು. ಕೌಫ್ಮನ್ 'ಯಹೂದಿ ರಚನಕಾರ' ಎಂಬ ಪಟ್ಟಿಗೆ ಸೇರಿದ್ದು ಅವರ ಸ್ವರಗಳಿಂದಲ್ಲ, ಯುರೋಪಿನಲ್ಲಿ ಅವರ ಬಾಗಿಲು ಮುಚ್ಚಿದವರಿಂದ. ಆದ್ದರಿಂದ ಅವರ ಕೃತಿಗಳನ್ನು ಆ ಹೆಸರಿನಡಿ ನುಡಿಸುವಾಗ ಸಲ್ಲುವುದು ಒಂದು ಬಾಕಿ. ಜನಾಂಗದ ಹೆಸರು ಹೇಳಿ ಕಿತ್ತುಕೊಂಡದ್ದನ್ನು ಅದೇ ಹೆಸರು ಹೇಳಿ ಹಿಂದಿರುಗಿಸಬೇಕಾಗುತ್ತದೆ. ಅಂಥ ಕಛೇರಿಗಳ ಸಮರ್ಥನೆ ಇದು, ಮತ್ತು ಈ ವರದಿಗಾರನ ದೃಷ್ಟಿಯಲ್ಲಿ ಸಾಕಾದಷ್ಟು ಸಮರ್ಥನೆ. ಆದರೆ ಈ ಋಣಸಂದಾಯವನ್ನು ಒಂದು ಸರಕಾರದ ಇಂದಿನ ಯುದ್ಧಕ್ಕೆ ಮೆಚ್ಚುಗೆಯಾಗಿ ಬಳಸುವುದೂ ತಪ್ಪು, ಆ ಯುದ್ಧದ ಕೋಪವನ್ನು ಈ ಸ್ವರಗಳ ಮೇಲೆ ತೀರಿಸುವುದೂ ತಪ್ಪು. 1934ರಲ್ಲಿ ಹಡಗು ಹತ್ತಿದವನ ಹಿಂದೆ ಇಸ್ರೇಲ್ ಎಂಬ ರಾಷ್ಟ್ರವೇ ಇರಲಿಲ್ಲ.

ಯಹೂದಿ ಸಂಗೀತವೆಂದರೆ ಸಿಂಫನಿ ಮಾತ್ರವೂ ಅಲ್ಲ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ಶನಿವಾರ ಗಾಣ ನಿಲ್ಲಿಸುತ್ತಿದ್ದುದರಿಂದ 'ಶನಿವಾರ ತೇಲಿ' ಎನಿಸಿಕೊಂಡವರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಅವರು ಮರಾಠಿ ಕೀರ್ತನ ಪರಂಪರೆಯನ್ನು ಅಳವಡಿಸಿಕೊಂಡು ಅಬ್ರಹಾಮ, ಮೋಶೆಯರ ಕಥೆಗಳನ್ನು ನಮ್ಮ ಹರಿದಾಸರು ಹೇಳುವ ಬಗೆಯಲ್ಲಿಯೇ ಗದ್ಯ, ಪದ್ಯ, ಹಾಡುಗಳಲ್ಲಿ ನಿರೂಪಿಸಿದರು. ವಿಠ್ಠಲನ ಕೀರ್ತನೆ ಕೇಳಿ ಬೆಳೆದ ಚಿಕ್ಕೋಡಿ, ಅಥಣಿ, ಕಾಗವಾಡದ ಜನರಿಗೆ ಅದರ ಧಾಟಿ ಪರಕೀಯವೆನಿಸದು. 1948ರ ನಂತರ ಅವರಲ್ಲಿ ಬಹುಪಾಲು ಜನ ಇಸ್ರೇಲಿಗೆ ತೆರಳಿದರು. ಅಲ್ಲಿಯೂ ಮರಾಠಿಯನ್ನು ಬಿಡಲಿಲ್ಲ. ಉಳಿದವರು ತೀರ ಕಡಿಮೆ; ಮಹಾರಾಷ್ಟ್ರ ಸರಕಾರ 2016ರಲ್ಲಿ ಅವರಿಗೆ ಅಲ್ಪಸಂಖ್ಯಾತ ಸ್ಥಾನಮಾನ ನೀಡಿತು.

ಗಡಿಯಲ್ಲಿರುವ ನಮಗೆ ಘೆಂಟ್‌ನ ಪ್ರಶ್ನೆ ದೂರದ್ದೆಂದು ಅನಿಸಬೇಕಾಗಿಲ್ಲ. 2022ರ ಡಿಸೆಂಬರ್‌ನಲ್ಲಿ ಬೆಳಗಾವಿಯ ಬಳಿ ಲಾರಿಗಳಿಗೆ ಕಲ್ಲು ಬಿದ್ದಾಗ, ಪುಣೆಯಲ್ಲಿ ಕರ್ನಾಟಕದ ಬಸ್ಸುಗಳಿಗೆ ಮಸಿ ಬಳಿದಾಗ, ಚಾಲಕನ ಅಭಿಪ್ರಾಯವನ್ನು ಯಾರೂ ವಿಚಾರಿಸಲಿಲ್ಲ. ನೋಂದಣಿ ಫಲಕ ನೋಡಿದರೆ ಸಾಕಾಗಿತ್ತು. ಆದರೆ ಇದೇ ಗಡಿಯಲ್ಲಿ ಸಂಗೀತಗಾರರ ಫಲಕವನ್ನು ಜನ ಓದುವ ಗೋಜಿಗೆ ಹೋಗಿಲ್ಲ. ಗದಗದಲ್ಲಿ ಹುಟ್ಟಿ ಪುಣೆಯಲ್ಲಿ ನೆಲೆಸಿದ ಭೀಮಸೇನ ಜೋಶಿಯವರ ದಾಸರ ಪದವೂ ಅಭಂಗವೂ ಇಲ್ಲಿನ ಮನೆಗಳಲ್ಲಿ ಒಂದೇ ಕಪಾಟಿನಲ್ಲಿರುತ್ತವೆ. ಉತ್ತರದ ಕಿರಾಣಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನರು ಮೀರಜಿನಲ್ಲಿ ನೆಲೆಸಿದರು, ಧಾರವಾಡ ಸೀಮೆಗೆ ತಮ್ಮ ಗಾಯಕಿಯನ್ನು ಕೊಟ್ಟರು. ಅವರ ಶಿಷ್ಯರೇ ಕುಂದಗೋಳದ ಸವಾಯಿ ಗಂಧರ್ವರು. ಮೀರಜಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ದೊರೆತಾಗ ಅದು ಎರಡೂ ಬದಿಯ ಗಾಯಕರಿಗೆ ಸಂತಸದ ಸುದ್ದಿಯಾಯಿತು. ಕಛೇರಿಗೆ ಕೂಡುವ ಮುನ್ನ ಮಹಾಜನ್ ವರದಿಯ ಬಗ್ಗೆ ನಿಮ್ಮ ನಿಲುವೇನೆಂದು ಭೀಮಸೇನರನ್ನು ಕೇಳುವುದನ್ನು ಇಲ್ಲಿಯ ಶ್ರೋತೃಗಳು ಊಹಿಸಲಾರರು.

ಕೌಫ್ಮನ್‌ರ 'ಇಂಡಿಯನ್ ಸಿಂಫನಿ' ಹುಟ್ಟಿದ್ದು ಭಾರತದ ಅನುಭವದಿಂದ. ಅದನ್ನು ನುಡಿಸಬಲ್ಲ ವಾದ್ಯವೃಂದವೂ ಈ ದೇಶದಲ್ಲಿದೆ. ಮುಂಬೈಯ ಎನ್.ಸಿ.ಪಿ.ಎ.ಯಲ್ಲಿ 2006ರಲ್ಲಿ ಸ್ಥಾಪನೆಯಾದ ಸಿಂಫನಿ ಆರ್ಕೆಸ್ಟ್ರಾ ಆಫ್ ಇಂಡಿಯಾ ವರ್ಷವರ್ಷ ತನ್ನ ಕಛೇರಿಗಳ ಋತುವನ್ನು ನಡೆಸುತ್ತದೆ. ಕೌಫ್ಮನ್‌ರ ಕೃತಿಗಳಿಗೆಂದೇ ಮೀಸಲಾದ ಒಂದು ಸಂಜೆಯನ್ನು ಅದು ಏರ್ಪಡಿಸಿ, ಆರಂಭಕ್ಕೆ ಆ ಸಂಕೇತನಾದವನ್ನು ನುಡಿಸಿದರೆ, ಟಿಕೆಟಿನ ಮೇಲೆ ಯಾವ ಜನಾಂಗದ ಹೆಸರಿದ್ದರೂ ಇಲ್ಲಿಯ ಹಿರಿಯರು ಮೊದಲ ಮೂರು ಸ್ವರಕ್ಕೇ ತಲೆದೂಗುವರು. ಉಗಾರದಿಂದ ಮೀರಜಿಗೆ ಹೋಗಿ ರಾತ್ರಿಯ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ಹಿಡಿದರೆ ಬೆಳಗಿಗೆ ಮುಂಬೈ.