ನಿಸ್ತಂತು ದೀಪವೂ ಕೆಂಪಿನ ಕೊರತೆಯೂ

ಫೋನಿನಿಂದಲೇ ಬಣ್ಣ ಬದಲಿಸುವ ನಿಸ್ತಂತು ಎಲ್‌ಇಡಿ ದೀಪವನ್ನು ಕಂಡು ಬೆರಗಾಗುವವರೇ ಬಹಳ. ಅದರ ಬಿಳಿಯ ಬೆಳಕಿನಲ್ಲಿ ಕುಂಕುಮವು ಕುಂಕುಮದಂತೆಯೇ ತೋರುವುದೇ ಎಂದು ಕೇಳುವವರು ವಿರಳ. ಬಿಳಿಯ ಎಲ್‌ಇಡಿಯಲ್ಲಿ ಸಾಮಾನ್ಯವಾಗಿ ಹುಟ್ಟುವುದು ನೀಲಿ ಬೆಳಕು. ಅದರ ಒಂದಂಶವನ್ನು ಫಾಸ್ಫರ್ ಲೇಪವು ಹಳದಿಯಾಗಿಸುತ್ತದೆ. ಎರಡೂ ಬೆರೆತು ಬಿಳುಪೆನಿಸಿದರೂ ಗಾಢವಾದ ಕೆಂಪು ಅದರಲ್ಲಿ ಅಲ್ಪ. ಫೋನು ಒಳಗಿನ ಎಲ್‌ಇಡಿಗಳ ಪ್ರಮಾಣವನ್ನು ಹೆಚ್ಚುಕಡಿಮೆ ಮಾಡಬಲ್ಲುದೇ ಹೊರತು ಅವು ಸೂಸದ ತರಂಗಾಂತರವನ್ನು ಸೃಷ್ಟಿಸಲಾರದು. ಪೆಟ್ಟಿಗೆಯ ಮೇಲಿನ 'ಸಿಆರ್‌ಐ 80' ಎಂಬ ವರ್ಣಸೂಚ್ಯಂಕವಾದರೋ ಎಂಟು ತೆಳುಬಣ್ಣಗಳ ಸರಾಸರಿ. ಗಾಢ ಕೆಂಪಿನ ಮಾದರಿಯಾದ 'ಆರ್9' ಆ ಲೆಕ್ಕದಲ್ಲಿಯೇ ಇಲ್ಲ! ಆ ಅಂಕ ಪಡೆದ ದೀಪದ ಆರ್9 ಸೊನ್ನೆಯ ಬಳಿಯಿರಬಹುದು. ಗಾಯದ ಕೆಂಪನ್ನು ಗುರುತಿಸಬೇಕಾದ ಮನೆಯಲ್ಲಿ ಇದೇನು ಅಲ್ಪ ದೋಷವೇ? ಆರ್9 ಮುದ್ರಣವನ್ನು ಕಡ್ಡಾಯಗೊಳಿಸಲೇಬೇಕು. ಅಲ್ಲಿಯವರೆಗೆ ದೀಪವನ್ನು ಅಂಗಡಿಯಲ್ಲಿ ಉರಿಸಿ, ಅಂಗೈಯ ಬಣ್ಣವನ್ನು ನೋಡಿಯೇ ಕೊಳ್ಳುವುದು ಲೇಸು.