ಅಂಗಳದ ಗಾಡಿಗೂ ಒಂದು ಲೆಕ್ಕದ ಪುಸ್ತಕ



ಹೋದ ಸಲ ಉಪ್ಪಿನಕಾಯಿ ಜಾಡಿಯ ವಿಷಯ ಬರೆದಿದ್ದೆ. ಈ ಸಲ ಸೆರಗಿಗೆ ಕೈ ಒರೆಸಿಕೊಂಡು ನನ್ನ ಜೊತೆ ಅಂಗಳಕ್ಕೆ ಬನ್ನಿ. ಅಲ್ಲಿ ನಿಂತಿದೆಯಲ್ಲ, ಹೊಟ್ಟೆ ತುಂಬಾ ಡೀಸೆಲ್ ಕುಡಿದು, ಆರು ತಿಂಗಳಿಗೊಮ್ಮೆ ಮೈಕೈ ನೋವು ಅನ್ನುವ ದೊಡ್ಡ ಗಾಡಿ, ಇವತ್ತಿನ ಮಾತು ಅದರದ್ದು. ಕಂಪನಿಯವರು ಎಸ್‌ಯುವಿ ಅಂತಾರೆ. ನಮ್ಮ ಗೌನಿಪಲ್ಲಿ ಕಡೆ ಹಳಬರಿಗೆ ಅದು ಇನ್ನೂ ಜೀಪೇ, ನಮಗೆ ಬರೀ ಗಾಡಿ.

ಒಬ್ಬ ಸೋದರಿ ಕಾಗದ ಬರೆದಿದ್ದಾರೆ. ಗಾಡಿ ರಿಪೇರಿ ಅಂತ ತಿಂಗಳು ತಿಂಗಳು ದುಡ್ಡು ಹೋಗುತ್ತದಂತೆ, ಯಾವುದಕ್ಕೆ ಹೋಯಿತು ಅಂತ ಗೊತ್ತಾಗುವುದಿಲ್ಲವಂತೆ, ಕೇಳಿದರೆ "ನಿನಗ್ಯಾಕೆ ಅದೆಲ್ಲ" ಅಂತಾರಂತೆ. ಏನು ಮಾಡಲಿ ಅಂತ ಕೇಳಿದ್ದಾರೆ. ಅಮ್ಮಾ, ಹಾಲಿನವನು ಎಷ್ಟು ದಿನ ಬರಲಿಲ್ಲ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಕೈಗೆ ಗಾಡಿಯ ಆಯಿಲ್ ಲೆಕ್ಕ ಬರೆಯುವುದು ಯಾವ ಮಹಾ ಕೆಲಸ? ಗಾಡಿ ಓಡಿಸಲು ಬರಬೇಕಾಗಿಲ್ಲ. ನನಗೂ ಬರುವುದಿಲ್ಲ.

ನಮ್ಮ ಮನೆಯದು ಬೊಲೆರೊ. ಇದು ಮಾರುಕಟ್ಟೆಗೆ ಬಂದದ್ದು 2000ರಲ್ಲಿ, ಅಲ್ಲಿಂದ ಇಲ್ಲಿಯವರೆಗೂ ನಮ್ಮಂಥ ಊರುಗಳನ್ನು ಬಿಟ್ಟು ಹೋಗಿಲ್ಲ. ಲಾರಿಯ ಹಾಗೆ ಕೆಳಗೊಂದು ಗಟ್ಟಿ ಛಾಸಿ, ಹಿಂದೆ ಉಕ್ಕಿನ ಪಟ್ಟಿಗಳ ಸ್ಪ್ರಿಂಗು. ಮಾವಿನ ತೋಟದ ಕಲ್ಲುದಾರಿಗೂ ಸೈ, ಕೋಲಾರದ ಮಂಡಿಗೆ ಟೊಮೇಟೊ ರೇಟು ವಿಚಾರಿಸಿ ಬರಲಿಕ್ಕೂ ಸೈ, ಮದುವೆಗೆ ಒಂಬತ್ತು ಜನ ತುರುಕಿಕೊಳ್ಳಲಿಕ್ಕೂ ಸೈ (ಆರ್‌ಸಿಯಲ್ಲಿ ಬರೆದಿರುವುದು ಏಳೇ, ಅದು ಬೇರೆ ಮಾತು, ಪೊಲೀಸರು ಹಿಡಿದರೆ ನನ್ನ ಹೆಸರು ಹೇಳಬೇಡಿ). ಇನ್ನು ರಾತ್ರಿ ಹನ್ನೆರಡು ಗಂಟೆಗೆ ಯಾರಾದರೂ ಬಾಗಿಲು ತಟ್ಟಿದರೆ, 108 ಬರುವವರೆಗೆ ಕಾಯಲಾರದ ಹೆರಿಗೆ ನೋವೋ ಎದೆನೋವೋ ಇದ್ದರೆ, ಶ್ರೀನಿವಾಸಪುರಕ್ಕೆ ಹೊರಡುವುದು ಬೀದಿಯಲ್ಲಿರುವ ಗಾಡಿಯೇ. ಆಗ ಸೆಲ್ಫ್ ಹೊಡೆದರೆ ಸ್ಟಾರ್ಟ್ ಆಗಬೇಕು. ನಾನು ಪುಸ್ತಕ ಇಟ್ಟಿರುವುದು ಅದಕ್ಕೇ.

ಪುಸ್ತಕ ಅಂದರೆ ಮಕ್ಕಳು ಅರ್ಧ ಬರೆದು ಬಿಟ್ಟ ನೂರು ಪುಟದ ನೋಟ್‌ಬುಕ್ಕು. ಗೆರೆ ಎಳೆದು ನಾಲ್ಕು ಕಾಲಂ ಮಾಡಿದ್ದೇನೆ: ತಾರೀಕು, ಮೀಟರಿನಲ್ಲಿದ್ದ ಕಿಲೋಮೀಟರು, ಏನು ಬದಲಾಯಿಸಿದರು, ಎಷ್ಟು ಕೊಟ್ಟೆವು. ಬಿಲ್ಲುಗಳನ್ನು ಹಿಂದಿನ ಪುಟಕ್ಕೆ ಗುಂಡುಪಿನ್ನು ಚುಚ್ಚಿ ಇಡುತ್ತೇನೆ. ಕಿಲೋಮೀಟರು ಬರೆಯುವುದನ್ನು ಮಾತ್ರ ಮರೆಯಬೇಡಿ. "ಮೊನ್ನೆ ಮೊನ್ನೆ ಆಯಿಲ್ ಹಾಕಿಸಿದೆವಲ್ಲ" ಅನ್ನುವ ಮೊನ್ನೆ, ಪುಸ್ತಕ ತೆಗೆದರೆ ಹೋದ ಯುಗಾದಿ ಆಗಿರುತ್ತದೆ. ಎಷ್ಟು ಕಿಲೋಮೀಟರಿಗೆ ಏನು ಮಾಡಿಸಬೇಕು ಅಂತ ಗಾಡಿ ಜೊತೆ ಕೊಟ್ಟ ಪುಸ್ತಕದಲ್ಲಿ ಪಟ್ಟಿ ಇರುತ್ತದೆ. ಡ್ಯಾಶ್‌ಬೋರ್ಡ್ ಡಬ್ಬದಲ್ಲಿ ದೇವರ ಕುಂಕುಮದ ಪೊಟ್ಟಣದ ಕೆಳಗೆ ಹುಡುಕಿ, ಸಿಗುತ್ತದೆ.

ಮೊದಲು ಎಂಜಿನ್ ಆಯಿಲ್. ಗಾಡಿ ಸಮ ನೆಲದಲ್ಲಿ ನಿಂತು, ಎಂಜಿನ್ ಆರಿಸಿ ಹತ್ತು ನಿಮಿಷವಾದ ಮೇಲೆ ಕಡ್ಡಿ ತೆಗೆದು, ಒರೆಸಿ, ಮತ್ತೆ ಹಾಕಿ ತೆಗೆದು ನೋಡಬೇಕು. ಎರಡು ಗುರುತಿನ ನಡುವೆ ಇರಬೇಕು. ಡೀಸೆಲ್ ಗಾಡಿಯಲ್ಲಿ ಹೊಸ ಆಯಿಲ್ ಕೂಡ ಸ್ವಲ್ಪ ದಿನಕ್ಕೇ ಕಪ್ಪಾಗುತ್ತದೆ, ಅದು ಮಸಿ, ಅದಕ್ಕೆ ಹೆದರಬೇಕಿಲ್ಲ. ಆದರೆ ಹಾಲು ಬೆರೆತ ಕಾಫಿಯ ಹಾಗೆ ಬಣ್ಣ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಆಗ ಸ್ಟಾರ್ಟ್ ಮಾಡಲೇಬೇಡಿ, ಮೆಕ್ಯಾನಿಕ್ಕನ್ನೇ ಮನೆಗೆ ಕರೆಸಿ. ಹೊಗೆಯೂ ಹಾಗೆಯೇ ಸುದ್ದಿ ಹೇಳುತ್ತದೆ. ಕಪ್ಪು ಹೊಗೆ ಜಾಸ್ತಿಯಾದರೆ ಮೊದಲು ಏರ್ ಫಿಲ್ಟರ್ ನೋಡಿಸಬೇಕು, ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ಸಿಲಿಂಡರಿನೊಳಗೆ ನೀರು ಇಳಿಯುತ್ತಿರಬಹುದು. ನಮ್ಮ ಧೂಳಿನ ದಾರಿಗೆ ಏರ್ ಫಿಲ್ಟರನ್ನು ಕಂಪನಿ ಹೇಳಿದ್ದಕ್ಕಿಂತ ಮುಂಚೆಯೇ ತೆಗೆದು ನೋಡಿಸುವುದು ಒಳ್ಳೆಯದು. ಜರಡಿ ತುಂಬಾ ತೌಡು ಕಟ್ಟಿಕೊಂಡರೆ ಹಿಟ್ಟು ಇಳಿಯುತ್ತದೆಯೇ?

ಈಗ ರೇಡಿಯೇಟರ್. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ನಮ್ಮ ಕೋಲಾರ ಜಿಲ್ಲೆಯ ನೀರಿನ ಕಥೆ ನಿಮಗೆ ಗೊತ್ತೇ ಇದೆ. ಸಾವಿರ ಅಡಿ ಕೊರೆದು ಮೇಲೆ ತಂದ ಬೋರ್‌ವೆಲ್ ನೀರು, ಬಚ್ಚಲ ಹಂಡೆಯೊಳಗೆ ಕೈ ಹಾಕಿದರೆ ಬಿಳಿ ಚಕ್ಕೆ ಚಕ್ಕೆಯಾಗಿ ಸುಣ್ಣ ಸಿಗುತ್ತದಲ್ಲ, ಅದೇ ನೀರನ್ನು ರೇಡಿಯೇಟರಿಗೆ ಸುರಿದರೆ ಅದರ ಸಣ್ಣ ಸಣ್ಣ ಕೊಳವೆಗಳಲ್ಲೂ ಅದೇ ಚಕ್ಕೆ ಕಟ್ಟುತ್ತದೆ. ಹಂಡೆಯನ್ನಾದರೆ ಹುಣಸೆಹಣ್ಣು ಹಾಕಿ ಉಜ್ಜಬಹುದು, ಅದರೊಳಗೆ ಯಾರು ಕೈ ಹಾಕುತ್ತಾರೆ? ನೀರು ಓಡಾಡದೆ ಎಂಜಿನ್ ಕಾಯ್ದು, ಹೆಡ್ ಗ್ಯಾಸ್ಕೆಟ್ ಹೋಗಿ, ಮಾವಿನ ಹಣ್ಣಿನ ದುಡ್ಡೆಲ್ಲ ಗ್ಯಾರೇಜಿಗೆ. ಅಂಗಡಿಯಲ್ಲಿ ಸಿಗುವ ಕೂಲೆಂಟನ್ನೇ ಹಾಕಿಸಿ. ಬೆರೆಸುವ ಜಾತಿಯದಾದರೆ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಬೆರೆಸಿಸಿ. ನಡುದಾರಿಯಲ್ಲಿ ಬೇರೆ ಗತಿಯಿಲ್ಲದೆ ಕೊಡದ ನೀರು ಹಾಕಿದ್ದರೆ ಊರಿಗೆ ಬಂದ ಮೇಲೆ ತೆಗೆಸಿಬಿಡಿ. ಇನ್ನೊಂದು ಮಾತು, ಗಾಡಿ ಬಿಸಿಯಾಗಿ ಆವಿ ಬರುತ್ತಿರುವಾಗ ಮುಚ್ಚಳಕ್ಕೆ ಕೈ ಹಾಕಲು ಯಾರನ್ನೂ ಬಿಡಬೇಡಿ, ಮುಖ್ಯವಾಗಿ ಹುಡುಗರನ್ನು. ಕುಕ್ಕರಿನ ಸೀಟಿ ಇಳಿಯುವ ಮೊದಲು ಮುಚ್ಚಳ ತೆಗೆದರೆ ಏನಾಗುತ್ತದೋ ಅದೇ ಇಲ್ಲೂ, ಮುಖ ಸುಡುತ್ತದೆ. ಅರ್ಧ ಗಂಟೆ ಮರದಡಿ ಕೂತು ಕಾಯಲಿ.

ಮರದಡಿ ಅಂದೆ, ಮಾವಿನ ಮರ ಬೇಡಿ. ಹೂ ಬಿಡುವ ಕಾಲದಲ್ಲಿ ಜಿಗಿಹುಳು ಬಿದ್ದ ಮರದ ಕೆಳಗೆ ಗಾಡಿ ನಿಲ್ಲಿಸಿದರೆ ಬೆಳಗ್ಗೆ ಗಾಜೆಲ್ಲ ಬೆಲ್ಲದ ಪಾಕ ಸವರಿದ ಹಾಗೆ ಅಂಟು. ಅದರ ಮೇಲೆ ಧೂಳು ಕೂತಾಗ ಒಣ ವೈಪರ್ ಹಾಕಿದರೆ ಗಾಜಿಗೆ ಗೀರು ಬೀಳುತ್ತದೆ. ಕಾಯಿ ಕೀಳುವಾಗ ಸುರಿಯುವ ಸೊನೆ ಇನ್ನೂ ಕೆಟ್ಟದ್ದು, ನಮ್ಮ ಕೈಯನ್ನೇ ಸುಡುತ್ತದೆ, ಬಣ್ಣವನ್ನು ಬಿಡುತ್ತದೆಯೇ? ಅದೇ ದಿನ ಸೋಪಿನ ನೀರಿನಲ್ಲಿ ತೊಳೆಯಬೇಕು.

ಬ್ರೇಕಿನ ವಿಷಯಕ್ಕೆ ನಮ್ಮ ಮನೆಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಎರಡು ವರ್ಷದ ಕೆಳಗೆ ಅತ್ತೆಯವರಿಗೆ ತಿರುಪತಿ ಮುಡಿ ಹರಕೆ ಇತ್ತು. ಮದನಪಲ್ಲಿ, ಪೀಲೇರು ಮೇಲೆ ಹೋಗಿ, ಗಾಡಿಯಲ್ಲೇ ಬೆಟ್ಟ ಹತ್ತುವುದು ಅಂತ ಮಾತಾಯಿತು. ಹೊರಡುವುದಕ್ಕೆ ಮೂರು ದಿನ ಇರುವಾಗ ಪುಸ್ತಕ ತೆಗೆದು ನೋಡಿದೆ. ಹಿಂದಿನ ಚಕ್ರದ ಬ್ರೇಕ್ ಲೈನರ್ ಬದಲಾಯಿಸಿ ನಲವತ್ತು ಸಾವಿರ ಕಿಲೋಮೀಟರು ದಾಟಿತ್ತು. ನಮ್ಮವರು, "ಬ್ರೇಕ್ ಚೆನ್ನಾಗೇ ಹಿಡಿಯುತ್ತೆ, ಹಣ್ಣಿನ ದುಡ್ಡು ಬರಲಿ, ಮಾಡಿಸೋಣ" ಅಂದರು. ದುಡ್ಡು ಕೈಯಲ್ಲಿ ಇರಲಿಲ್ಲ ಅನ್ನುವುದೂ ನಿಜ. ನಾನು, "ಮಾಡಿಸೋದು ಬೇಡ ರೀ, ಬಿಚ್ಚಿ ನೋಡಿಸಿ, ಅಷ್ಟೇ" ಅಂದೆ. ಬಿಚ್ಚಿದರೆ ಒಂದು ಕಡೆಯ ಲೈನರ್ ಚಪ್ಪಲಿ ಅಟ್ಟೆಯ ಹಾಗೆ ಸವೆದು, ಕಬ್ಬಿಣ ಕಬ್ಬಿಣಕ್ಕೆ ತಾಗಲು ಇನ್ನೇನು ಕೂದಲೆಳೆ ಬಾಕಿ. ಸಾಮಾನು ಚಿಂತಾಮಣಿಯಿಂದ ಬರಬೇಕಾಗಿ ಪ್ರಯಾಣ ನಾಲ್ಕು ದಿನ ಮುಂದೆ ಹೋಯಿತು. "ದೇವರ ಕೆಲಸಕ್ಕೆ ಅಡ್ಡ ಬಂದಳು" ಅಂತ ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಬೆಟ್ಟ ಇಳಿಯುವಾಗ, 1944ರಲ್ಲಿ ಮಾಡಿದ ಆ ಹಳೇ ಘಾಟಿ ರಸ್ತೆಯ ತಿರುವು ತಿರುವಿಗೂ ಅವರು ಗೋವಿಂದಾ ಅನ್ನುತ್ತಿದ್ದರು. ನಾನು ನಮ್ಮವರ ಕಾಲ ಕಡೆ ನೋಡುತ್ತಿದ್ದೆ.

ಘಾಟಿ ಇಳಿಯುವಾಗ ಬ್ರೇಕ್ ಒಂದನ್ನೇ ಒತ್ತಿ ಹಿಡಿದರೆ ಕಾಯ್ದು ಹಿಡಿತ ತಪ್ಪುತ್ತದೆ. ಹತ್ತುವಾಗ ಯಾವ ಗೇರೋ ಇಳಿಯುವಾಗಲೂ ಆ ಗೇರು ಅಂತ ಹಳೇ ಡ್ರೈವರುಗಳು ಹೇಳುವುದು ಇದಕ್ಕೇ. ಎಂಜಿನ್ನೇ ಅರ್ಧ ಭಾರ ತಡೆಯುತ್ತದೆ. ಬ್ರೇಕ್ ಆಯಿಲ್ ಕೂಡ ಮಳೆಗಾಲದ ಉಪ್ಪಿನ ಹಾಗೆ, ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಸೋರದಿದ್ದರೂ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕು. ಇದನ್ನು ಬಹಳ ಜನ ಕೇಳುವುದೇ ಇಲ್ಲ, ಮೆಕ್ಯಾನಿಕ್ಕೂ ಹೇಳುವುದಿಲ್ಲ.

ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತಾರೆ. 2319 ಅಂತ ಇದ್ದರೆ 2019ನೇ ಇಸವಿಯ ಇಪ್ಪತ್ತಮೂರನೇ ವಾರದಲ್ಲಿ ತಯಾರಾದದ್ದು. ಹೊಸ ಟೈರು ಕೊಳ್ಳುವಾಗ ಯಜಮಾನರು ರೇಟು ಮಾತಾಡುತ್ತಿರಲಿ, ನೀವು ಇದನ್ನು ಓದಿ. ಅಂಗಡಿಯ ಮೂಲೆಯಲ್ಲಿ ಮೂರು ವರ್ಷ ಕೂತ ಟೈರನ್ನು ಹೊಸದು ಅಂತ ಕೊಡುವುದುಂಟು. ಗೆರೆಗಳ ನಡುವೆ ಸಣ್ಣ ದಿಬ್ಬ ಇರುತ್ತದೆ, ಟೈರು ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿಲಿಮೀಟರು, ಮಳೆಯಲ್ಲಿ ಜಾರುತ್ತದೆ, ಬದಲಾಯಿಸಲೇಬೇಕು. ಗಾಳಿ ಎಷ್ಟು ಅಂತ ಪುಸ್ತಕದಲ್ಲೋ ಬಾಗಿಲ ಒಳಗಿನ ಚೀಟಿಯಲ್ಲೋ ಇರುತ್ತದೆ, ಬೆಳಗ್ಗೆ ತಣ್ಣಗಿರುವಾಗ ಹೊಡೆಸಬೇಕು. ಸ್ಟೆಪ್ನಿಗೂ ಹೊಡೆಸಿ. ಅದು ಹಿಂದಿನ ಬಾಗಿಲಿಗೆ ನೇತಾಡುತ್ತಾ ಎಲ್ಲರ ಕಣ್ಣಿಗೂ ಬೀಳುತ್ತದೆ, ಯಾರ ನೆನಪಿಗೂ ಬರುವುದಿಲ್ಲ.

ಬ್ಯಾಟರಿ ತುದಿಯಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿ ಹಳೇ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಒರೆಸಿ, ವ್ಯಾಸಲೀನ್ ಸವರಿ. ಮೊದಲು ಮೈನಸ್ ತಂತಿ ಬಿಚ್ಚಬೇಕು, ಕೊನೆಗೆ ಹಾಕುವುದೂ ಅದನ್ನೇ. ಸೋಡ ನೀರು ಬ್ಯಾಟರಿಯ ಮುಚ್ಚಳದೊಳಗೆ ಹೋಗಬಾರದು. ಕೈಗೆ ಬಳೆ ಇದ್ದರೆ ತೆಗೆದಿಡಿ, ಚಿನ್ನವಾಗಲಿ ಕಬ್ಬಿಣವಾಗಲಿ ಎರಡು ತುದಿಗೂ ಒಟ್ಟಿಗೆ ತಾಗಿದರೆ ಸುಡುತ್ತದೆ.

ಇಲಿಯ ಕಾಟಕ್ಕೆ ಬಾನೆಟ್ಟಿನೊಳಗೆ ಹೊಗೆಸೊಪ್ಪು ಕಟ್ಟುವವರಿದ್ದಾರೆ. ಘಾಟು ಇರುವವರೆಗೆ ಸರಿ, ಆಮೇಲೆ ಇಲ್ಲ. ಗಾಡಿ ಪಕ್ಕದಲ್ಲಿ ಮೂಟೆ, ಕಡಲೆಕಾಯಿ ಸಿಪ್ಪೆ ಇಡದಿರುವುದೇ ವಾಸಿ. ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿದರೆ ಗೂಡು ಕಟ್ಟುವ ಮೊದಲೇ ಗೊತ್ತಾಗುತ್ತದೆ. ಕಡಿದ ವೈರಿಗೆ ಟೇಪು ಸುತ್ತಿ ಸಾಗಹಾಕಬೇಡಿ, ಬೆಂಕಿಗೆ ದಾರಿ ಅದು.

2020ರ ಏಪ್ರಿಲ್ ನಂತರದ ಬಿಎಸ್ 6 ಡೀಸೆಲ್ ಗಾಡಿ ಇರುವವರಿಗೆ ಇನ್ನೊಂದು ಸೂಕ್ಷ್ಮ. ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ದಿನಾ ಅಂಗಡಿಗೂ ಸ್ಕೂಲಿಗೂ ಮಾತ್ರ ಓಡಿಸಿದರೆ ಅದು ಕಟ್ಟಿಕೊಂಡು ದೀಪ ಉರಿಯುತ್ತದೆ. ಆಗಾಗ ಹೈವೇಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿದರೆ ಮಸಿ ತಾನಾಗಿ ಸುಟ್ಟು ಹೋಗುತ್ತದೆ. ಇವಕ್ಕೆ ಆಯಿಲ್ ಕೂಡ ಬೇರೆ, ಹಳೇ ಡಬ್ಬದ್ದು ಹಾಕಿಸಬಾರದು.

ಕಾಗದ ಪತ್ರದ್ದು ಬೇಗ ಹೇಳಿ ಮುಗಿಸುತ್ತೇನೆ. ಎಮಿಷನ್ ಸರ್ಟಿಫಿಕೇಟು ಬಿಎಸ್ 4, ಬಿಎಸ್ 6 ಗಾಡಿಗೆ ವರ್ಷಕ್ಕೊಮ್ಮೆ, ಅದಕ್ಕಿಂತ ಹಳೆಯದಕ್ಕೆ ಆರು ತಿಂಗಳಿಗೊಮ್ಮೆ. ಸ್ವಂತ ಗಾಡಿಯ ಆರ್‌ಸಿ ಹದಿನೈದು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಆರ್‌ಟಿಒದಲ್ಲಿ ಗಾಡಿ ತೋರಿಸಿ ಐದು ವರ್ಷಕ್ಕೆ ನವೀಕರಿಸಬೇಕು. ಇನ್ಶೂರೆನ್ಸ್ ತಾರೀಕನ್ನು ಕ್ಯಾಲೆಂಡರಿನಲ್ಲಿ ಕೆಂಪು ಮಸಿಯಲ್ಲಿ ಬರೆದಿಡಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ ಐದು ವರ್ಷದಲ್ಲಿ ಶೇಕಡಾ 50ರವರೆಗೆ ಏರುತ್ತದೆ. ಅವಧಿ ಮುಗಿದು 90 ದಿನ ದಾಟಿದರೆ ಅಷ್ಟೂ ಹೋಯಿತು.

ಇನ್ನು ಮೆಕ್ಯಾನಿಕ್ಕಿನ ಜೊತೆ ಮಾತು. ದೂರದ ಒಂದು ಗ್ಯಾರೇಜಿನಲ್ಲಿ ಡೀಸೆಲ್ ಫಿಲ್ಟರ್ ಬದಲಾಯಿಸಿದ್ದೇವೆ ಅಂತ ನಮಗೆ ಬಿಲ್ ಹಾಕಿದ್ದರು. ನಮ್ಮೂರಲ್ಲಿ ಬಿಚ್ಚಿ ನೋಡಿದರೆ ಎರಡು ವರ್ಷದ ಹಿಂದೆ ನಾನೇ ಪೇಂಟಿನಲ್ಲಿ ಚುಕ್ಕೆ ಇಟ್ಟ ಹಳೇ ಫಿಲ್ಟರು! ಅಲ್ಲಿಂದ ಒಂದು ನಿಯಮ, ತೆಗೆದ ಹಳೇ ಸಾಮಾನು ವಾಪಸ್ ಬರಬೇಕು. ಮೊದಲ ಸಲ ಕೇಳಿದಾಗ ನಮ್ಮೂರ ಹುಡುಗ, "ಯಾಕಕ್ಕಾ, ನನ್ನ ಮೇಲೆ ನಂಬಿಕೆ ಇಲ್ವಾ?" ಅಂದ. "ನಂಬಿಕೆ ಇದೆ ಕಣಪ್ಪಾ, ಗುಜರಿಯವನಿಗೆ ಹಾಕ್ತೀನಿ" ಅಂದೆ. ಈಗ ಅವನೇ ಚೀಲದಲ್ಲಿ ಕಟ್ಟಿ ಸೀಟಿನ ಕೆಳಗೆ ಇಟ್ಟಿರುತ್ತಾನೆ. ಕೆಲಸ ಚೆನ್ನಾಗಿ ಮಾಡುವವನ ಹತ್ತಿರ ನೂರು ಇನ್ನೂರಕ್ಕೆ ಚೌಕಾಸಿ ಮಾಡಬೇಡಿ, ಮಧ್ಯರಾತ್ರಿ ಫೋನ್ ಎತ್ತುವವನು ಅವನೇ.

ದುಡ್ಡಿಗೆ ಸಾಸಿವೆ ಡಬ್ಬದ ಪಕ್ಕ ಇನ್ನೊಂದು ಡಬ್ಬ ಇಟ್ಟಿದ್ದೇನೆ. ತಿಂಗಳ ಕೊನೆಗೆ ಮೀಟರ್ ನೋಡಿ ಕಿಲೋಮೀಟರಿಗೆ ಎರಡು ರೂಪಾಯಿ ಲೆಕ್ಕದಲ್ಲಿ ನಮ್ಮವರಿಂದ ಈಸಿಕೊಳ್ಳುತ್ತೇನೆ. ಸಾವಿರ ಓಡಿದ್ದರೆ ಎರಡು ಸಾವಿರ. ಟೈರಿನ ವರ್ಷ ಸಾಲುವುದಿಲ್ಲ, ಉಳಿದ ವರ್ಷ ಸಾಕಾಗಿ ಸ್ವಲ್ಪ ಮಿಗುತ್ತದೆ. ಮೊದಮೊದಲು ಗೊಣಗಿದರು. ಲೈನರಿಗೆ ಆ ಸಲ ಸಾಲ ಮಾಡಬೇಕಾಗಿತ್ತಲ್ಲ, ಈಗ ಕೇಳುವ ಮುಂಚೆಯೇ ಕೊಡುತ್ತಾರೆ.

ಕಾಗದ ಬರೆದ ಸೋದರಿ ಕೊನೆಯಲ್ಲಿ ಶರ್ಟಿನ ಗ್ರೀಸ್ ಕಲೆಗೂ ಉಪಾಯ ಕೇಳಿದ್ದಾರೆ. ನೀರು ತಾಗಿಸುವ ಮೊದಲೇ ಕಲೆಯ ಮೇಲೆ ಮುಖದ ಪೌಡರೋ ಕಡಲೆಹಿಟ್ಟೋ ದಪ್ಪಗೆ ಉದುರಿಸಿ ಒಂದು ಗಂಟೆ ಬಿಡಿ. ಜಿಡ್ಡು ಎಳೆದುಕೊಳ್ಳುತ್ತದೆ. ಕೊಡವಿ, ಪಾತ್ರೆ ತೊಳೆಯುವ ಸೋಪು ಹಚ್ಚಿ, ಬಿಸಿನೀರಿನಲ್ಲಿ ಉಜ್ಜಿ. ಕೈಗೆ ಹತ್ತಿದ್ದಾದರೆ ಕೊಬ್ಬರಿ ಎಣ್ಣೆ ಮತ್ತು ಒಂದು ಚಮಚ ಸಕ್ಕರೆ ಸಾಕು.