ಮೊದಲು ಪರದೆಯಲ್ಲಿ ಉರಿಯಲಿ, ಆಮೇಲೆ ಕಂಬದಲ್ಲಿ

ಕಾರ್ತಿಕ ಬಂತೆಂದರೆ ನಮ್ಮ ಮೂರು ತಾಲೂಕುಗಳಲ್ಲಿ ಕತ್ತಲೆಗೆ ರಜೆ. ಧರ್ಮಸ್ಥಳದ ಲಕ್ಷದೀಪೋತ್ಸವದ ದೀಪ ಇಳಿಯುವಷ್ಟರಲ್ಲಿ ಇಗರ್ಜಿಗಳ ಗೋಪುರಕ್ಕೆ ನಕ್ಷತ್ರ ಏರುತ್ತದೆ. ಮೊಡಂಕಾಪಿನಲ್ಲಿ, ಬೆಳ್ತಂಗಡಿಯಲ್ಲಿ, ಮೂಡುಬಿದಿರೆಯಲ್ಲಿ ಗೋದಲಿ ಕಟ್ಟುವ ಹುಡುಗರು ಬೈಹುಲ್ಲು ಹುಡುಕಿಕೊಂಡು ಹೊರಡುತ್ತಾರೆ. ಕ್ರಿಸ್ಮಸ್ ದಾಟಿದರೆ ಜಾತ್ರೆ, ನೇಮ, ಬ್ರಹ್ಮಕಲಶ, ಆಟ. ಪತ್ತನಾಜೆಯವರೆಗೆ ಲೈಟಿಂಗಿನವರಿಗೆ ನಿದ್ದೆಯಿಲ್ಲ, ಅಂಗಡಿಯವರಿಗೆ ವಂತಿಗೆ ಪುಸ್ತಕದಿಂದ ಬಿಡುಗಡೆಯಿಲ್ಲ.

ನಾವು ದೀಪದ ವಿರೋಧಿಗಳಲ್ಲ. ಸಂಜೆ ಬಿ.ಸಿ.ರೋಡಿನಲ್ಲಿ ಬಸ್ಸಿಗೆ ಕಾದು ಕಾಲು ನೋಯಿಸಿಕೊಂಡವನಿಗೆ ಊರ ಬಾಗಿಲಲ್ಲಿ ನಾಲ್ಕು ಬಣ್ಣದ ಬಲ್ಬು ಕಂಡರೆ ಆಯಾಸ ಇಳಿಯುತ್ತದೆ. ಅದು ಯಾವ ದೇವರ ಹಬ್ಬವೆಂದು ಕಣ್ಣು ಕೇಳುವುದಿಲ್ಲ. ನಮ್ಮ ತಕರಾರು ಬೇರೆ. ಇಷ್ಟು ಹಣ, ಇಷ್ಟು ತಂತಿ, ಇಷ್ಟು ಜನರ ದುಡಿತ ಹಾಕುವ ಈ ಕೆಲಸವನ್ನು ನಾವು ಮಾಡುತ್ತಿರುವ ರೀತಿ ಸರಿಯಿಲ್ಲ.

ಕಳೆದ ವರ್ಷ ಒಂದು ಊರಿನಲ್ಲಿ ಬಸ್ಸು ನಿಂತಾಗ ಕಂಡದ್ದು ಹೇಳುತ್ತೇವೆ. ಊರಿನ ಹೆಸರು ಬೇಡ. ರಸ್ತೆಗೆ ಅಡ್ಡಲಾಗಿ ಬಲ್ಬಿನ ದೊಡ್ಡ ಕಮಾನು. ಅದರ ನೆತ್ತಿಯಲ್ಲಿ ಗರಿ ಬಿಚ್ಚಬೇಕಾದ ನವಿಲು. ಗರಿ ಬಿಚ್ಚಿತು, ಆದರೆ ಎಡಗಡೆ ಮಾತ್ರ. ಬಲಗಡೆ ಉರಿಯುವ ಹೊತ್ತಿಗೆ ತಲೆ ಆರಿಹೋಯಿತು. ಪಕ್ಕದ ಸೀಟಿನ ಹಿರಿಯರು, “ಎಂತ ಮಾರಾಯ್ರೇ ಇದು, ನವಿಲೋ, ಮಳೆಗೆ ನೆನೆದ ಕೋಳಿಯೋ?” ಎಂದರು. ಬಸ್ಸಿಡೀ ನಕ್ಕಿತು. ನಮಗೂ ನಗು ಬಂತು. ಕಮಾನಿನ ತುದಿ ನೋಡಿದ ಮೇಲೆ ನಗು ನಿಂತಿತು. ಅಲ್ಲಿ ಒಬ್ಬ ಹುಡುಗ ಬರಿಗಾಲಲ್ಲಿ ಅಡಿಕೆ ಮರದ ಕಂಬ ತಬ್ಬಿಕೊಂಡು, ಬಾಯಲ್ಲಿ ಟೆಸ್ಟರು ಕಚ್ಚಿಕೊಂಡು, ಕರೆಂಟು ಹರಿಯುತ್ತಿದ್ದ ಹಾಗೆಯೇ ಜಾಯಿಂಟು ಬಿಚ್ಚುತ್ತಿದ್ದ. ಕೆಳಗಿಂದ ನಾಲ್ಕು ಮಂದಿ, “ಆಚೆ ವಯರು, ಅಲ್ಲ ಈಚೆದು” ಎಂದು ಸೂಚನೆ ಕೊಡುತ್ತಿದ್ದರು. ಮೆರವಣಿಗೆಗೆ ಅರ್ಧ ಗಂಟೆ ಬಾಕಿ. ಆಫ್ ಮಾಡಲು ಯಾರಿಗೂ ಪುರುಸೊತ್ತಿಲ್ಲ.

ಈ ವರ್ಷ ನಾವು ಕೇಳುವ ಪ್ರಶ್ನೆ ಅಲ್ಲಿ ಹುಟ್ಟಿತು. ತಪ್ಪು ಮನುಷ್ಯನ ಕೆಲಸದಲ್ಲಿ ಇದ್ದದ್ದೇ. ಅದನ್ನು ತಿದ್ದುವುದೆಲ್ಲಿ? ಕಂಬದ ತುದಿಯಲ್ಲೋ, ಮೇಜಿನ ಮೇಲೋ?

ಹಳಬರು ಬಲ್ಲರು

ಓಡುವ ದೀಪ ನಮಗೆ ಹೊಸತಲ್ಲ. ಕೂದಲು ನರೆತವರಿಗೆ ನೆನಪಿರಬಹುದು, ಲೈಟಿಂಗಿನ ಹಿಂದುಗಡೆ ತಿರುಗುತ್ತಿದ್ದ ಮರದ ಡ್ರಮ್ಮು. ಅದರ ಮೈಗೆ ತಾಮ್ರದ ಪಟ್ಟಿ ಬಡಿದಿರುತ್ತಿತ್ತು. ಸಣ್ಣ ಮೋಟಾರು ಡ್ರಮ್ಮನ್ನು ತಿರುಗಿಸಿದ ಹಾಗೆ ಪಟ್ಟಿಗಳು ಒಂದೊಂದೇ ಸಂಪರ್ಕಕ್ಕೆ ತಾಗಿ, ಚಟಚಟ ಕಿಡಿ ಹಾರಿಸಿ, ಒಂದೊಂದು ಸಾಲು ಬಲ್ಬನ್ನು ಉರಿಸಿ ಆರಿಸುತ್ತಿದ್ದವು. ನೋಡುವವರಿಗೆ ಚಕ್ರ ತಿರುಗಿತು, ನೀರು ಸುರಿಯಿತು, ಹಕ್ಕಿ ಹಾರಿತು. ಬಂಗಾಳದ ಚಂದನನಗರದವರು ಇಂಥ ಓಡುವ ದೀಪದ ಕಲೆಯಲ್ಲಿ ದೇಶಕ್ಕೇ ಹೆಸರಾದರು.

ಆ ಕಾಲದ ಒಳ್ಳೆಯ ಕೆಲಸಗಾರ ಏನು ಮಾಡುತ್ತಿದ್ದ? ಮೊದಲು ಚೌಕುಳಿ ಕಾಗದದ ಮೇಲೆ ಚುಕ್ಕಿಯಿಟ್ಟು ಚಿತ್ರ ಬರೆಯುತ್ತಿದ್ದ. ಆಮೇಲೆ ಚೌಕಟ್ಟನ್ನು ಅಂಗಳದಲ್ಲಿ ಮಲಗಿಸಿ, ಕರೆಂಟು ಕೊಟ್ಟು, ದೂರ ಹೋಗಿ ನಿಂತು ನೋಡುತ್ತಿದ್ದ. ಎಲ್ಲ ಸರಿಯಿದ್ದರೆ ಮಾತ್ರ ಮೇಲಕ್ಕೆ ಏರಿಸುವುದು. ಈಗ ಸಾಮಾನು ಹಗುರವಾಯಿತು, ಹುಡುಗರಿಗೆ ಅವಸರವಾಯಿತು, ಒಂದೇ ರಾತ್ರಿಗೆ ಮೂರು ಕಡೆ ಆರ್ಡರು ಆಯಿತು. ಅಂಗಳದ ಆ ಪರೀಕ್ಷೆ ತಪ್ಪಿಹೋಯಿತು. ಇವತ್ತು ಕಂಬಕ್ಕೆ ಕಟ್ಟಿದ ಮೇಲೆಯೇ ಮೊದಲ ದರ್ಶನ.

ಪರದೆಯ ಮೇಲಿನ ಅಂಗಳ

ಆ ಅಂಗಳವನ್ನೇ ಮೇಜಿನ ಮೇಲೆ ತಂದು ಕೊಡುವ ಸಾಫ್ಟ್‌ವೇರು ಈಗ ಉಂಟು. ಎಕ್ಸ್‌ಲೈಟ್ಸ್ ಒಂದು, ವಿಕ್ಸನ್ ಇನ್ನೊಂದು. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಹೊರದೇಶಗಳಲ್ಲಿ ಕ್ರಿಸ್ಮಸ್ಸಿಗೆ ಮನೆ ಸಿಂಗರಿಸುವ ಹವ್ಯಾಸಿಗಳು ವರ್ಷಗಳಿಂದ ಬಳಸುತ್ತಿರುವಂಥವು.

ಕೆಲಸದ ಕ್ರಮ ಹೀಗೆ. ಇಗರ್ಜಿಯದೋ ದೇವಸ್ಥಾನದ ಗೋಪುರದ್ದೋ ಅಂಗಡಿ ಸಾಲಿನದೋ ಒಂದು ಫೋಟೋ ತೆಗೆದು ಕಂಪ್ಯೂಟರಿಗೆ ಹಾಕಬೇಕು. ಆ ಫೋಟೋದ ಮೇಲೆ, ಮಾಲೆ ಎಲ್ಲಿಂದ ಎಲ್ಲಿಗೆ, ಅದರಲ್ಲಿ ಬಲ್ಬು ಎಷ್ಟು, ನಕ್ಷತ್ರ ಎಲ್ಲಿ ಎಂದು ಗೆರೆ ಎಳೆಯಬೇಕು. ಆಮೇಲೆ ಯಾವ ಕ್ಷಣದಲ್ಲಿ ಯಾವುದು ಯಾವ ಬಣ್ಣದಲ್ಲಿ ಉರಿಯಬೇಕೆಂದು ಹೇಳಬೇಕು. ಹಾಡು ಬೇಕಿದ್ದರೆ ಅದಕ್ಕೆ ತಾಳ ಕೂಡಿಸಬಹುದು. ಗುಂಡಿ ಒತ್ತಿದರೆ ಇಡೀ ಅಲಂಕಾರ ಪರದೆಯ ಮೇಲೆ ಕುಣಿಯುತ್ತದೆ. ಅರ್ಧ ಗರಿಯ ನವಿಲು ಅಲ್ಲೇ ಸಿಕ್ಕಿಬೀಳುತ್ತದೆ. ತಿದ್ದಲಿಕ್ಕೆ ಏಣಿ ಬೇಡ.

ಇದು ಈಗ ಏಕೆ ಬೇಕಾಯಿತೆಂದರೆ ಬಲ್ಬೇ ಬದಲಾಗಿದೆ. ಹೊಸ ಪಿಕ್ಸೆಲ್ ಬಲ್ಬುಗಳಲ್ಲಿ ಪ್ರತಿಯೊಂದರ ಹೊಟ್ಟೆಯೊಳಗೂ ಒಂದು ಚಿಪ್ಪು. ಕೆಂಪು, ಹಸಿರು, ನೀಲಿ ಮೂರು ಬಣ್ಣ, ಒಂದೊಂದಕ್ಕೂ 256 ಮೆಟ್ಟಿಲು. ಲೆಕ್ಕ ಹಾಕಿದರೆ ಒಂದೇ ಬಲ್ಬು 1 ಕೋಟಿ 67 ಲಕ್ಷ ಬಗೆಯ ಬಣ್ಣ ಕೊಡಬಲ್ಲದು. ಡ್ರಮ್ಮಿನ ಕಾಲದಲ್ಲಿ ಹತ್ತು ಸಾಲಿನ ಲೆಕ್ಕವನ್ನು ತಲೆಯಲ್ಲಿ ಇಟ್ಟುಕೊಳ್ಳಬಹುದಿತ್ತು. ಸಾವಿರ ಬಲ್ಬಿನ ಒಂದೊಂದರ ಲೆಕ್ಕವನ್ನು ಯಾವ ತಲೆಯೂ ಇಟ್ಟುಕೊಳ್ಳಲಾರದು. 2024ರ ಮೈಸೂರು ದಸರೆಯಲ್ಲಿ ಬನ್ನಿಮಂಟಪದ ಆಕಾಶದಲ್ಲಿ 1500 ಡ್ರೋನುಗಳು ಚಿತ್ರ ಬರೆದವಲ್ಲ, ಒಂದೊಂದರ ಹಾದಿಯನ್ನೂ ಮೊದಲೇ ಕಂಪ್ಯೂಟರಿನಲ್ಲಿ ಹಾಕಿಕೊಳ್ಳದೆ ಅಂಥ ಆಟ ಆಡಲಿಕ್ಕಾಗುವುದಿಲ್ಲ. ದೊಡ್ಡವರು ಆಕಾಶಕ್ಕೆ ಮಾಡಿದ್ದನ್ನು ನಾವು ಒಂದು ಕಮಾನಿಗೆ ಮಾಡಬಾರದೇ?

ಅಂಗಡಿಯವರ ಲೆಕ್ಕ

ಜವಳಿ ಅಂಗಡಿಯ ಧಣಿಗಳಿಗೆ ನಮ್ಮದೊಂದು ಪ್ರಶ್ನೆ. ಗಿರಾಕಿ ಸೀರೆ ಬಿಚ್ಚಿಸಿ, ಬೆಳಕಿಗೆ ಹಿಡಿದು, ಸೆರಗು ನೋಡದೆ ದುಡ್ಡು ಕೊಡುತ್ತಾರೆಯೇ? ಹಾಗಿದ್ದರೆ ನೀವು ವಂತಿಗೆ ಕೊಟ್ಟ ಲೈಟಿಂಗು ಹೇಗಿರುತ್ತದೆಂದು ಯಾಕೆ ಕೇಳುವುದಿಲ್ಲ? “ಜೋರುಂಟು ಧಣಿಗಳೇ, ಕಳೆದ ಸಲಕ್ಕಿಂತ ಡಬ್ಬಲ್” ಎಂಬ ಒಂದು ಮಾತಿಗೆ ರಶೀದಿ ಹರಿಯುತ್ತದೆ. ಪರದೆಯ ಮೇಲೆ ಎರಡು ನಿಮಿಷ ತೋರಿಸಿ ಎಂದು ಕೇಳಿದರೆ ಬಾಯಿಮಾತಿನ ‘ಡಬ್ಬಲ್’ ಎಷ್ಟೆಂದು ಗೊತ್ತಾಗುತ್ತದೆ.

ಬಲ್ಬಿನ ಎಣಿಕೆ ಕೈಗೆ ಬಂದರೆ ಕರೆಂಟಿನ ಲೆಕ್ಕವೂ ಬಂದ ಹಾಗೆ. ಹಳೆಯ ‘ಝೀರೋ’ ಬಲ್ಬು ಹೆಸರಿಗೆ ಝೀರೋ, ಎಳೆಯುತ್ತಿದ್ದದ್ದು 15 ವಾಟ್ ಹತ್ತಿರ. ಸಾವಿರ ಕಟ್ಟಿದರೆ 15 ಕಿಲೋವಾಟ್. 12 ವೋಲ್ಟಿನ ಸಾಮಾನ್ಯ ಪಿಕ್ಸೆಲ್ ಬಲ್ಬು ಪೂರ್ತಿ ಬಿಳಿಯಾಗಿ ಉರಿದರೂ ಮುಕ್ಕಾಲು ವಾಟ್ ದಾಟುವುದು ಕಮ್ಮಿ. ಸಾವಿರಕ್ಕೆ 700 ವಾಟ್ ಚಿಲ್ಲರೆ. ಉಳಿತಾಯ ಆಯಿತಲ್ಲ ಎಂದು ಕುಣಿಯಬೇಡಿ. ಅದೇ 700 ವಾಟ್ 12 ವೋಲ್ಟಿನಲ್ಲಿ ಹರಿಯಬೇಕಾದರೆ 60 ಆಂಪಿಯರ್ ಆಗುತ್ತದೆ. ಅಷ್ಟನ್ನೂ ಒಂದು ಸಪೂರ ತಂತಿಯಲ್ಲಿ ತಳ್ಳಿದರೆ ತಂತಿ ಕಾದು ಕರಗೀತು. ತಂತಿ ಉದ್ದವಾದಷ್ಟೂ ವೋಲ್ಟೇಜು ಸೋರುತ್ತದೆ, ಕೊನೆಯ ಬಲ್ಬುಗಳು ಬಿಳಿಯ ಬದಲು ಕೆಂಚಾಗಿ ಕಾಣುತ್ತವೆ. ಎಷ್ಟು ಬಲ್ಬಿಗೊಂದು ಪವರ್ ಸಪ್ಲೈ, ಅದನ್ನು ಎಲ್ಲಿ ಇಡುವುದು, ಯಾವ ದಪ್ಪದ ತಂತಿ, ಇದೆಲ್ಲ ನಕ್ಷೆ ಇದ್ದರೆ ಮಾತ್ರ ಹೇಳಲಿಕ್ಕಾಗುವ ವಿಷಯ. ನಕ್ಷೆ ಇಲ್ಲದಿದ್ದರೆ ಎಲ್ಲರೂ ಒಂದೇ ಕಡೆಯಿಂದ ಎಳೆದು, ಫ್ಯೂಸು ಹಾರಿ, ಐಸ್‌ಕ್ರೀಂ ಅಂಗಡಿಯವರ ಸರಕು ನೀರಾಗಿ, ಕೊನೆಗೆ ಬೈಗುಳ ಮೆಸ್ಕಾಂ ಲೈನ್‌ಮನ್ನಿಗೆ.

ಪರದೆ ಹೇಳದ ಸಂಗತಿ

ಹಾಗೆಂದು ಕಂಪ್ಯೂಟರಿಗೆ ಕಾಯಿ ಒಡೆದು ಕೈಮುಗಿಯಬೇಕೆಂದು ನಾವು ಹೇಳುತ್ತಿಲ್ಲ. ಪರದೆಯ ಮೇಲೆ ಇಬ್ಬನಿ ಬೀಳುವುದಿಲ್ಲ. ತಂತಿಯ ಸಿಪ್ಪೆ ಸುಲಿದಿರುವುದು ಅಲ್ಲಿ ಕಾಣುವುದಿಲ್ಲ. ತೆಂಗಿನ ಸೋಗೆ ಅಡ್ಡ ಬರುವುದೂ ಅದಕ್ಕೆ ಗೊತ್ತಿಲ್ಲ. ಬಲ್ಬಿನ ಕಡೆ 12 ವೋಲ್ಟ್ ಇದ್ದರೂ ಪವರ್ ಸಪ್ಲೈಗೆ ಬರುವುದು ಅದೇ 230 ವೋಲ್ಟ್. ಒದ್ದೆ ನೆಲದಲ್ಲಿ ಆ ಪೆಟ್ಟಿಗೆ ಬಿದ್ದಿದ್ದರೆ, ಅರ್ತು ಇಲ್ಲದಿದ್ದರೆ, ಅದು ಯಾರನ್ನೂ ಬಿಡುವುದಿಲ್ಲ.

2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಡೆದದ್ದು ಮರೆತುಹೋಗಬಾರದು. ಚಿತ್ರನಟರೊಬ್ಬರ ಹುಟ್ಟುಹಬ್ಬಕ್ಕೆ ರಾತ್ರಿ ಹೊತ್ತು ಕಟೌಟ್ ನಿಲ್ಲಿಸಲು ಹೋದ ಹುಡುಗರಿಗೆ ವಿದ್ಯುತ್ ತಂತಿ ತಾಗಿತು. ಮೂವರು ಸತ್ತರು. ಅವರೂ ಸಂಭ್ರಮಕ್ಕೆಂದೇ ಹೋದವರು. ರಾತ್ರಿ, ಅವಸರ, ಲೋಹದ ಚೌಕಟ್ಟು, ತಲೆಯ ಮೇಲೆ ಲೈನು. ನಮ್ಮ ಕಮಾನು ಏರಿಸುವ ಕೆಲಸದಲ್ಲಿ ಇವುಗಳಲ್ಲಿ ಯಾವುದು ಕಮ್ಮಿಯಿದೆ, ಹೇಳಿ? ಫೋಟೋದ ಮೇಲೆ ನಕ್ಷೆ ಹಾಕುವಾಗ ತಲೆಯ ಮೇಲಿನ ಲೈನು ಫೋಟೋದಲ್ಲೇ ಕಾಣುತ್ತದೆ. ಹಗಲು ಹೊತ್ತು, ಕುರ್ಚಿಯಲ್ಲಿ ಕೂತು, ಅದನ್ನು ನೋಡುವ ಅವಕಾಶ ಸಿಗುತ್ತದೆ. ಸಾಫ್ಟ್‌ವೇರಿನ ದೊಡ್ಡ ಉಪಕಾರ ಅದು.

ಬಸ್ಸಿನವರ ಪಾಲು

ಇನ್ನೊಂದು ಸಂಗತಿ. ಲೈಟಿಂಗು ನೋಡುವವರು ಎದುರು ನಿಂತವರು ಮಾತ್ರವಲ್ಲ, ಹಾದುಹೋಗುವವರೂ ಹೌದು. 75ನೇ ರಾಷ್ಟ್ರೀಯ ಹೆದ್ದಾರಿಯ ಬದಿಯಲ್ಲಿ ಪಟಪಟನೆ ಹೊಡೆಯುವ ಬಿಳಿ ಬೆಳಕು ಡ್ರೈವರನ ಕಣ್ಣಿಗೆ ಬಾಣ. ಅಲಂಕಾರದ ನಕ್ಷೆಯನ್ನು ಬಸ್ಸಿನ ಮುಂದಿನ ಸೀಟಿನಿಂದ ತೆಗೆದ ಫೋಟೋದ ಮೇಲೂ ಒಮ್ಮೆ ಹಾಕಿ ನೋಡಬೇಕು. ಕಂಬ ಬಸ್‌ಸ್ಟಾಪಿನ ಕಾಲುದಾರಿಯಲ್ಲಿ ನೆಟ್ಟಿದೆಯೇ ಎಂಬುದೂ ಆಗ ತಿಳಿಯುತ್ತದೆ.

ಅಮೆರಿಕದ ಒಂದು ಕತೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಓಹಾಯೋ ರಾಜ್ಯದ ಮೇಸನ್ ಎಂಬ ಊರಿನಲ್ಲಿ ಕಾರ್ಸನ್ ವಿಲಿಯಮ್ಸ್ ಎಂಬ ಎಂಜಿನಿಯರು ತಮ್ಮ ಮನೆಗೆ ಸುಮಾರು 16,000 ಬಲ್ಬು ಕಟ್ಟಿ, ಕಂಪ್ಯೂಟರಿನಿಂದ ಹಾಡಿಗೆ ಸರಿಯಾಗಿ ಕುಣಿಸಿದರು. ನೆರೆಯವರಿಗೆ ಗದ್ದಲ ಆಗಬಾರದೆಂದು ಹಾಡನ್ನು ಕಾರಿನ ರೇಡಿಯೋದಲ್ಲಿ ಮಾತ್ರ ಕೇಳುವ ಹಾಗೆ ಮಾಡಿದ್ದರು. 2005ರಲ್ಲಿ ಅದರ ವೀಡಿಯೋ ಲೋಕವೆಲ್ಲ ಸುತ್ತಿತು. ನೋಡಲು ಬಂದ ಕಾರುಗಳ ಸಾಲು ಬೆಳೆಯಿತು. ಹತ್ತಿರ ಒಂದು ಅಪಘಾತವಾದಾಗ ಪೊಲೀಸರಿಗೆ ಅಲ್ಲಿಗೆ ತಲುಪುವುದೇ ಕಷ್ಟವಾಯಿತು. ವಿಲಿಯಮ್ಸ್ ದೀಪ ಆರಿಸಿಬಿಟ್ಟರು. ಬಲ್ಬಿನ ಲೆಕ್ಕವನ್ನೆಲ್ಲ ಸರಿಯಾಗಿ ಹಾಕಿದ್ದ ಎಂಜಿನಿಯರು ರಸ್ತೆಯ ಲೆಕ್ಕದಲ್ಲಿ ಸೋತರು. ಆದರೆ ಸೋತದ್ದು ತಿಳಿದಾಗ ನಿಲ್ಲಿಸುವ ದೊಡ್ಡತನ ತೋರಿಸಿದರು. ನಮ್ಮಲ್ಲಿ ಆಂಬುಲೆನ್ಸ್ ಕೂಗುತ್ತಾ ನಿಂತರೂ ನಾಸಿಕ್ ಬ್ಯಾಂಡು ನಿಲ್ಲುವುದಿಲ್ಲ!

ನಾವು ಕೇಳುವುದಿಷ್ಟು

ಇಗರ್ಜಿಯ ಯುವಕರು, ದೇವಸ್ಥಾನದ ಉತ್ಸವ ಸಮಿತಿ, ದರ್ಗಾದ ಉರೂಸ್ ಸಮಿತಿ, ವರ್ತಕರ ಸಂಘ, ಎಲ್ಲರಿಗೂ ಒಂದೇ ಮಾತು. ಅಡ್ವಾನ್ಸ್ ಕೊಡುವ ಮೊದಲು ಲೈಟಿಂಗಿನವರು ಪರದೆಯ ಮೇಲೆ ತೋರಿಸಲಿ. ಬಲ್ಬೆಷ್ಟು, ವಾಟ್ ಎಷ್ಟು ಎಂದು ಒಂದು ಹಾಳೆಯಲ್ಲಿ ಬರೆದುಕೊಡಲಿ. ಆ ಹಾಳೆಯನ್ನೇ ಹಿಡಿದು ಮೆಸ್ಕಾಂಗೆ ಹೋಗಿ ತಾತ್ಕಾಲಿಕ ಸಂಪರ್ಕ ಪಡೆಯಿರಿ. ಲೈನಿಗೆ ಕೊಕ್ಕೆ ಹಾಕುವುದು 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಕಳ್ಳತನ, ದೇವರ ಹೆಸರಿನಲ್ಲಿ ಮಾಡಿದರೂ ಕಳ್ಳತನವೇ. ಶಾಕ್ ಹೊಡೆದರೆ ಕ್ಷಣದಲ್ಲಿ ಕರೆಂಟು ಕಡಿಯುವ 30 ಮಿಲಿಆಂಪಿಯರ್ ಬ್ರೇಕರು ಪ್ರತಿ ಸಂಪರ್ಕಕ್ಕೂ ಇರಲಿ. ಕಂಬ ಹತ್ತುವಾಗ ಮೇನ್ ಸ್ವಿಚ್ಚು ಆಫ್ ಆಗಿರಲಿ, ಅದರ ಹತ್ತಿರ ಒಬ್ಬ ಕಾವಲಿರಲಿ.

“ಸಾಫ್ಟ್‌ವೇರು ನಮಗೆಲ್ಲಿ ಬರ್ತದೆ ಸ್ವಾಮೀ?” ಎನ್ನುವ ಲೈಟಿಂಗಿನ ಹಳೆಯ ಕೈಗಳಿಗೂ ಉತ್ತರವಿದೆ. ಬೆಂಜನಪದವಿನಲ್ಲಿ, ಮಿಜಾರಿನಲ್ಲಿ, ಉಜಿರೆಯಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕಂಪ್ಯೂಟರು ಬಲ್ಲ ಮಕ್ಕಳು ನಮ್ಮ ಮನೆಮನೆಯಲ್ಲೂ ಇದ್ದಾರೆ. ಅವರಿಗೆ ತಂತಿ ಕಟ್ಟಲು ಬರುವುದಿಲ್ಲ, ನಿಮಗೆ ಪರದೆ ಬರುವುದಿಲ್ಲ. ಒಂದು ಭಾನುವಾರ ಒಟ್ಟಿಗೆ ಕೂತರೆ ಇಬ್ಬರೂ ಕಲಿತಾರು. ನಿಮ್ಮ ಹೊಟ್ಟೆಯ ಮೇಲೆ ಹೊಡೆಯಲು ಈ ವಿದ್ಯೆ ಬಂದದ್ದಲ್ಲ. ಡ್ರಮ್ಮಿಗೆ ಪಟ್ಟಿ ಬಡಿದ ಕೈಗೆ ಯಾವ ದೀಪ ಯಾವಾಗ ಉರಿದರೆ ಚಂದವೆಂದು ಗೊತ್ತು. ಆ ಕಣ್ಣು ಯಾವ ಸಾಫ್ಟ್‌ವೇರಿಗೂ ಇಲ್ಲ.

1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನರ ಜೊತೆಗಾರ ಎಡ್ವರ್ಡ್ ಜಾನ್ಸನ್ ಕ್ರಿಸ್ಮಸ್ ಮರಕ್ಕೆ ಮೊತ್ತಮೊದಲು ವಿದ್ಯುತ್ ದೀಪ ಕಟ್ಟಿದಾಗ ಇದ್ದದ್ದು 80 ಬಲ್ಬು. ಅಷ್ಟಕ್ಕೇ ಜನ ಬೆರಗಾದರು. ನಮ್ಮ ಹಬ್ಬಗಳಿಗೆ ಎಂಟು ಸಾವಿರ ಇದ್ದರೂ ಸಾಲದು. ಇರಲಿ, ಉರಿಯಲಿ. ಅವನ್ನು ಕಟ್ಟಲು ಹತ್ತಿದ ಹುಡುಗ ಇಳಿದು ಬಂದು, ತಾನು ಕಟ್ಟಿದ ದೀಪವನ್ನು ಹತ್ತು ಮಾರು ದೂರ ನಿಂತು ನೋಡಬೇಕು. ಮನೆಗೆ ಹೋಗಿ ಅಮ್ಮನ ಕೈಯ ಊಟ ಉಣ್ಣಬೇಕು. ಅಷ್ಟಾದರೆ ಹಬ್ಬ.

ಸಮಿತಿಗಳವರು ಈ ಸಲ ಮೊದಲ ಸಭೆಯಲ್ಲೇ ಈ ಮಾತನ್ನು ಎತ್ತುವರೇ? ವಂತಿಗೆ ಕೊಡುವ ಅಂಗಡಿಯವರು, ರಶೀದಿ ಹರಿಯುವ ಮೊದಲು, “ಪರದೆಯಲ್ಲಿ ತೋರಿಸಿದಿರಾ?” ಎಂದು ಬಾಯಿ ಬಿಟ್ಟು ಕೇಳುವರೇ?